ಆತ್ಮಸಾಕ್ಷಿಯ ಜೀವಿತ ಪ್ರಮಾಣಪತ್ರ

ನಮ್ಮ ನಿಧಿಯ ದಾಖಲೆಗಳ ಪ್ರಕಾರ, ಕಳೆದ ನವೆಂಬರ್ ಮೂವತ್ತರ ಸಂಜೆ ಐದೂವರೆಗೆ ಒಟ್ಟು ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಆತ್ಮಸಾಕ್ಷಿಗಳು ಜೀವಂತವಾಗಿದ್ದವು. ಅದರ ಹಿಂದಿನ ನವೆಂಬರಿನಲ್ಲಿ ಇದ್ದದ್ದು ಒಂದೇ ಒಂದು. ಹನ್ನೆರಡು ತಿಂಗಳಲ್ಲಿ ಇಂಥ ಪ್ರಗತಿ ಬೇರೆ ಯಾವ ಕಚೇರಿಯಲ್ಲೂ ಆಗಿಲ್ಲ ಎಂದು ಯಾರೂ ಹೇಳಿಲ್ಲ, ನಾನೇ ಹೇಳುತ್ತಿದ್ದೇನೆ. ಯಾಕೆಂದರೆ ಅಷ್ಟೂ ಆತ್ಮಸಾಕ್ಷಿಗಳ ಮೇಲೆ ಠಸ್ಸೆ ಹೊಡೆದವನು ನಾನು. ಬಲಗೈ ಮಣಿಕಟ್ಟು ಇನ್ನೂ ನೋಯುತ್ತದೆ. ವೈದ್ಯಕೀಯ ವೆಚ್ಚಕ್ಕೆ ಅರ್ಜಿ ಹಾಕಿದ್ದೇನೆ, ಅದು ಪರಿಶೀಲನೆಯಲ್ಲಿದೆ.

ನಿಧಿ ಅಂದರೆ ತುಂಗಭದ್ರಾ ತೀರದ ಅಕ್ಕಿ ಗಿರಣಿ ನೌಕರರ ಪಿಂಚಣಿ ನಿಧಿ. ಕಚೇರಿ ಬಳ್ಳಾರಿಯ ಗಾಂಧಿನಗರದಲ್ಲಿದೆ. ಕೆಳಗೆ ಬೇಕರಿ, ಮೇಲೆ ನಾವು. ಸಿರುಗುಪ್ಪ, ಕುರುಗೋಡು, ಹಚ್ಚೊಳ್ಳಿ ಕಡೆಯ ಗಿರಣಿಗಳಲ್ಲಿ ದುಡಿಯುವವರು ತಿಂಗಳು ತಿಂಗಳು ಕಟ್ಟುವ ಹಣವನ್ನು ನಾವು ಕಂಪನಿಗಳಲ್ಲಿ ಹೂಡುತ್ತೇವೆ. ಅವರಿಗೆ ವಯಸ್ಸಾದ ಮೇಲೆ ಅದರಿಂದ ಪಿಂಚಣಿ ಕೊಡುತ್ತೇವೆ. ನಾನು ಉಜ್ಜಿನಪ್ಪ, ದಾಖಲೆ ವಿಭಾಗದ ಹಿರಿಯ ಗುಮಾಸ್ತ. ವಿಭಾಗದಲ್ಲಿ ನಾನೊಬ್ಬನೇ ಇರುವುದರಿಂದ ನನ್ನ ಹಿರಿತನದ ಬಗ್ಗೆ ಯಾರದೂ ತಕರಾರಿಲ್ಲ. ನಿವೃತ್ತಿಗೆ ಇನ್ನೂ ಎರಡು ವರ್ಷ ಬಾಕಿ. ಆದ್ದರಿಂದ ಇಲ್ಲಿ ಸುಳ್ಳು ಹೇಳುವುದಿಲ್ಲ. ನಿಜವನ್ನೂ ಅಗತ್ಯಕ್ಕಿಂತ ಹೆಚ್ಚು ಹೇಳುವುದಿಲ್ಲ.

ಇದಕ್ಕೆಲ್ಲ ಮೂಲ, ನಮ್ಮ ವ್ಯವಸ್ಥಾಪಕ ಗವಿಸಿದ್ದೇಶ್ ಅವರು ಹೊಸಪೇಟೆಯ ಹೋಟೆಲೊಂದರಲ್ಲಿ ಎರಡು ದಿನದ ತರಬೇತಿಗೆ ಹೋಗಿಬಂದದ್ದು. ಹೋಗುವಾಗ ಎಲ್ಲರಂತೆ ಇದ್ದರು. ಬರುವಾಗ ಕೈಯಲ್ಲಿ ಒಂದು ಬಟ್ಟೆ ಚೀಲ, ಬಾಯಲ್ಲಿ 'ಸಾಮಾಜಿಕ ಹೊಣೆಗಾರಿಕೆಯ ಹೂಡಿಕೆ' ಎಂಬ ಮಾತು. ಅಂದರೆ, ಕಂಪನಿ ಲಾಭ ತರುತ್ತದೋ ಇಲ್ಲವೋ ಎಂದು ನೋಡಿದರೆ ಸಾಲದು. ಅದು ಜನಕ್ಕೆ, ಗಾಳಿಗೆ, ನೀರಿಗೆ ಕೇಡು ಮಾಡುತ್ತದೋ ಎಂದೂ ನೋಡಬೇಕು. ಮಾಡುತ್ತಿದ್ದರೆ ಸದಸ್ಯರ ಹಣವನ್ನು ಅಲ್ಲಿಂದ ತೆಗೆಯಬೇಕು. ಬಟ್ಟೆ ಚೀಲದಲ್ಲಿ ಒಂದು ಪೆನ್ನು, ಒಂದು ಗಿಡದ ಬೀಜ ಇದ್ದವು. ಪೆನ್ನು ನನಗೆ ಕೊಟ್ಟರು, ಅದು ಬರೆಯುವುದಿಲ್ಲ.

"ಸದಸ್ಯರು ಕೇಳ್ಯಾರೇನು ಇದನ್ನ?" ಎಂದರು ನಿಧಿಯ ಅಧ್ಯಕ್ಷ ದೊಡ್ಡಬಸವರಾಜ ಅವರು. ಸಿರುಗುಪ್ಪದಲ್ಲಿ ಮೂರು ಗಿರಣಿಗಳ ಯಜಮಾನರು, ಮಾತು ಕಡಿಮೆ, ಚಹಾ ಜಾಸ್ತಿ.

"ಕೇಳಿಲ್ರಿ," ಎಂದರು ಗವಿಸಿದ್ದೇಶ್.

"ಮತ್ತ ನಮಗ್ಯಾಕ ಊರ ಉಸಾಬರಿ?"

"ಅವರು ಕೇಳಿಲ್ಲ ಅಂತ ಒಂದ್ ಕಾಗದ ಆದ್ರೂ ಫೈಲ್‌ನಾಗ ಇರ್ಬೇಕಲ್ರಿ, ಸಾರ್."

ಈ ಮಾತು ಅಧ್ಯಕ್ಷರಿಗೆ ಹಿಡಿಸಿತು. ಹೀಗೆ ಸದಸ್ಯರ ಅಭಿಪ್ರಾಯ ಸಂಗ್ರಹ ಶುರುವಾಯಿತು. ಎರಡೇ ಪ್ರಶ್ನೆ. ಒಂದು: ನಿಮ್ಮ ಪಿಂಚಣಿ ಹಣವನ್ನು ಜನರಿಗೆ ಕೇಡು ಮಾಡದ ಕಂಪನಿಗಳಲ್ಲಿ ಮಾತ್ರ ಹೂಡಬೇಕೆ? ಎರಡು: ಅದರಿಂದ ನಿಮಗೆ ಬರುವುದು ನೂರಕ್ಕೆ ನಾಲ್ಕಾಣೆ ಕಡಿಮೆಯಾದರೆ ಒಪ್ಪುತ್ತೀರಾ?

ಕಾಗದ ಹಿಡಿದುಕೊಂಡು ಸಿರುಗುಪ್ಪದ ಗಿರಣಿ ಅಂಗಳಕ್ಕೆ ಹೋದವನು ನಾನೇ. ಹೊಟ್ಟಿನ ರಾಶಿಯ ಪಕ್ಕ, ಬಿಸಿಲಿನಲ್ಲಿ. ಕುರ್ಚಿ ಕೊಡಲಿಲ್ಲ. ಚೀಲ ಹೊರುವ ಎರ್ರಣ್ಣ ಮೊದಲನೇ ಪ್ರಶ್ನೆ ಕೇಳಿ ಕಣ್ಣಲ್ಲಿ ನೀರು ತಂದುಕೊಂಡರು.

"ಹಾಕ್ರಿ ಹೌದು ಅಂತ. ದಪ್ಪಗ ಹಾಕ್ರಿ. ಮಂದಿ ಹೊಟ್ಟಿ ಮ್ಯಾಲೆ ಹೊಡದು ಬಂದ ರೊಕ್ಕ ನಮ್ಗ ಬ್ಯಾಡಪ್ಪ."

ಎರಡನೇ ಪ್ರಶ್ನೆ ಓದಿದೆ. ಎರ್ರಣ್ಣ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡರು.

"ನಾಕಾಣೆ ಅಂದ್ರ ತಿಂಗ್ಳಿಗೆಷ್ಟು?"

"ಆರು ರೂಪಾಯಿ ಆಗಬಹುದು."

"ಹಂಗಂದ್ರ ಆ ಮೊದಲ್ನೇದನ್ನೂ ಹೊಡದು ಹಾಕಿಬಿಡ್ರಿ."

ಫಲಿತಾಂಶ ಹೀಗೆ ಬಂತು. ಒಂದನೇ ಪ್ರಶ್ನೆಗೆ ಎಲ್ಲರೂ ಹೌದು; ಎರ್ರಣ್ಣನವರದನ್ನೂ ಹೊಡೆದು ಹಾಕಲಿಲ್ಲ, ತಿದ್ದಿದ ಕಾಗದ ನಿಯಮದ ಪ್ರಕಾರ ಅಸಿಂಧು. ಎರಡನೇ ಪ್ರಶ್ನೆಗೆ ಒಬ್ಬರನ್ನು ಬಿಟ್ಟು ಎಲ್ಲರೂ ಇಲ್ಲ. ಗವಿಸಿದ್ದೇಶ್ ವರದಿ ಬರೆದರು: 'ಸದಸ್ಯರಿಗೆ ಒಳ್ಳೆಯತನದಲ್ಲಿ ಅಪಾರ ಆಸಕ್ತಿಯಿದೆ, ಆದರೆ ಅದಕ್ಕೆ ಖರ್ಚು ಬರಬಾರದು.' ಸದಸ್ಯರು ಚಹಾದಂಗಡಿಯಲ್ಲಿ ಮಾತಾಡಿಕೊಂಡರು: 'ಒಳ್ಳೇದು ಮಾಡಾಕ ಆಫೀಸಿನ್ಯಾರಿಗೇ ಮನಸಿಲ್ಲ.' ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ. ಕೇಳಿದ್ದರೆ ಎರಡೂ ಕಡೆ ಸಹಿ ಹಾಕುತ್ತಿದ್ದೆ.

ಆ ಒಬ್ಬರು ಕುರುಗೋಡಿನ ಕೊಟ್ರಬಸಮ್ಮ. ಸಿರುಗುಪ್ಪದ ಗಿರಣಿಯಲ್ಲಿ ಮೂವತ್ತೊಂದು ವರ್ಷ ಅಕ್ಕಿಯಿಂದ ಕಲ್ಲು ಆರಿಸಿದವರು. ಈಗ ಪಿಂಚಣಿದಾರರು. ಬೇಸಿಗೆಯಲ್ಲಿ ನುಚ್ಚಕ್ಕಿ ಕುದಿಸಿ, ಮಾಳಿಗೆಯ ಮೇಲೆ ಒದ್ದೆ ಬಟ್ಟೆ ಹಾಸಿ ಸಂಡಿಗೆ ಇಡುತ್ತಾರೆ. ಆ ಸಂಡಿಗೆಯ ಬಿಳುಪಿನ ಬಗ್ಗೆ ನಾನು ದಾಖಲೆಯ ಭಾಷೆಯಲ್ಲಿ ಹೇಳಲಾರೆ. ಎಣ್ಣೆಗೆ ಬಿಟ್ಟರೆ ಮಲ್ಲಿಗೆ ಅರಳಿದಂತೆ ಅರಳುತ್ತಿತ್ತು. ಕುರುಗೋಡಿನಲ್ಲಿ ಸೀಮಂತ ಇರಲಿ, ಮದುವೆ ಇರಲಿ, 'ಕೊಟ್ರಬಸಮ್ಮನ ಸಂಡಿಗಿ ಬಂತೇನು' ಎಂದು ಕೇಳಿಯೇ ಎಲೆ ಹಾಕುತ್ತಿದ್ದರು. ನಲವತ್ತು ವರ್ಷದ ಹೆಸರು ಅದು.

ಅವರು ಎರಡೂ ಪ್ರಶ್ನೆಗೆ ಹೌದು ಎಂದು ಗುರುತು ಹಾಕಿ, ಹಿಂದೆ ಒಂದು ಪತ್ರ ಬರೆಸಿ, ಸಂಡಿಗೆಯೊಂದನ್ನು ಗುಂಡುಸೂಜಿಯಿಂದ ಚುಚ್ಚಿ ಕಳಿಸಿದ್ದರು. ಸಂಡಿಗೆ ಕಪ್ಪಗಿತ್ತು.

'ಮಾನ್ಯರೇ, ಕುರುಗೋಡು ರಸ್ತೆಯ ಲೋಹಸೌಭಾಗ್ಯ ಸ್ಪಾಂಜ್ ಐರನ್ ಕಾರ್ಖಾನೆಯ ಹೊಗೆ ನಮ್ಮ ಮಾಳಿಗೆ ಮೇಲೆ ಬೀಳುತ್ತದೆ. ಪಕ್ಕದ ಮನೆಯ ಹೊನ್ನೂರಮ್ಮ ಮಗಳ ಸೀಮಂತಕ್ಕೆ ಒಯ್ದ ಸಂಡಿಗೆಯನ್ನು ಎಲ್ಲರ ಎದುರಿಗೆ ವಾಪಸ್ ಕೊಟ್ಟಳು. ನಮ್ಮ ಪಿಂಚಣಿ ಹಣ ಆ ಕಾರ್ಖಾನೆಯಲ್ಲೇ ಇದೆ ಎಂದು ತಿಳಿಯಿತು. ನನ್ನ ರೊಕ್ಕದಿಂದ ನನ್ನ ಸಂಡಿಗೆ ಕಪ್ಪು ಮಾಡುವುದು ಬೇಡ. ಲಗತ್ತು: ಸಂಡಿಗೆ ಒಂದು.'

ನಿಯಮದ ಪ್ರಕಾರ ಬಂದ ಪತ್ರಕ್ಕೂ ಲಗತ್ತಿಗೂ ಸ್ವೀಕೃತಿ ಠಸ್ಸೆ ಹೊಡೆಯಬೇಕು. ಪತ್ರಕ್ಕೆ ಹೊಡೆದೆ. ಸಂಡಿಗೆಗೂ ಹೊಡೆದೆ. ವಹಿಯಲ್ಲಿ 'ಲಗತ್ತು: ಸಂಡಿಗೆ, ಏಳು ಚೂರು' ಎಂದು ನಮೂದಿಸಿದೆ.

ಗವಿಸಿದ್ದೇಶ್ ಅವರಿಗೆ ಹಬ್ಬವಾಯಿತು. "ಉಜ್ಜಿನಪ್ಪ, ಸಿಕ್ರು ನೋಡ್ರಿ ಒಬ್ರು!" ಎಂದು ಚೂರುಗಳನ್ನು ಅಂಗೈಯಲ್ಲಿ ಹಿಡಿದು ಕುಣಿದಾಡಿದರು. ಹೊಸಪೇಟೆಯ ತರಬೇತಿಯವರು, ಹೊಣೆಗಾರ ಸದಸ್ಯರು ಒಬ್ಬರಾದರೂ ಇದ್ದರೆ ನಿಧಿಗೆ ಹಸಿರು ದರ್ಜೆ ಕೊಡುತ್ತೇವೆ ಎಂದಿದ್ದರಂತೆ. ಅಧ್ಯಕ್ಷರಿಗೆ ಮಾತ್ರ ಅನುಮಾನ.

"ಇವತ್ತು ಸಂಡಿಗಿ ಅಂತಾಳ, ನಾಳೆ ಮಗಳ ಮದುವಿ ಅಂತ ವಾಪಸ್ ಹಾಕ್ರಿ ಅಂತಾಳ. ಇವರ ಆತ್ಮಸಾಕ್ಷಿ ಎಷ್ಟ್ ದಿನ ಇರ್ತದ ಅಂತ ನಮಗೇನು ಗೊತ್ತು?"

ಪ್ರಶ್ನೆ ನ್ಯಾಯವಾದದ್ದೇ. ಪಿಂಚಣಿದಾರರು ಬದುಕಿದ್ದಾರೆಂದು ಖಾತ್ರಿಪಡಿಸಲು ಪ್ರತಿ ನವೆಂಬರಿನಲ್ಲಿ ಖುದ್ದು ಬಂದು ಜೀವಿತ ಪ್ರಮಾಣಪತ್ರ ಕೊಡಬೇಕೆಂಬ ನಿಯಮ ಮೊದಲಿಂದ ಇದೆ. ಮನುಷ್ಯ ಬದುಕಿದ್ದರೆ ಅವನ ಆತ್ಮಸಾಕ್ಷಿಯೂ ಬದುಕಿರಬೇಕೆಂದು ಎಲ್ಲೂ ಬರೆದಿಲ್ಲ. ಆದ್ದರಿಂದ ಹೊಸ ಸುತ್ತೋಲೆ ಹೊರಟಿತು:

'ಕೇಡು ಮಾಡುವ ಕಂಪನಿಗಳಿಂದ ತಮ್ಮ ಹಣ ಹಿಂಪಡೆಯಲು ಬಯಸುವ ಸದಸ್ಯರು ಪ್ರತಿ ನವೆಂಬರ್ ತಿಂಗಳಲ್ಲಿ ತಮ್ಮ ಆತ್ಮಸಾಕ್ಷಿ ಜೀವಂತವಿರುವ ಬಗ್ಗೆ ನಮೂನೆ ಏಳರಲ್ಲಿ ಖುದ್ದು ದೃಢೀಕರಿಸತಕ್ಕದ್ದು. ತಪ್ಪಿದಲ್ಲಿ ಸದರಿ ಆತ್ಮಸಾಕ್ಷಿ ಮೃತಪಟ್ಟಿದೆ ಎಂದು ಪರಿಗಣಿಸಿ ಹಣವನ್ನು ಲಾಭದಾಯಕ ಕಂಪನಿಗಳಲ್ಲಿ ಮುಂದುವರಿಸಲಾಗುವುದು. ಆತ್ಮಸಾಕ್ಷಿಯ ಪರವಾಗಿ ಬೇರೆಯವರು ಹಾಜರಾಗುವಂತಿಲ್ಲ.'

ಆ ನವೆಂಬರ್ ಪೂರ್ತಿ ನಾನು ನಮೂನೆ ಏಳರ ಕಟ್ಟು ಮುಂದಿಟ್ಟುಕೊಂಡು ಕೂತೆ. ಕೆಳಗಿನ ಬೇಕರಿಯಿಂದ ಬಿಸಿ ಬನ್ನಿನ ವಾಸನೆ ಬರುತ್ತಿತ್ತು, ಮೇಲೆ ಒಂದು ನರಪಿಳ್ಳೆ ಬರಲಿಲ್ಲ. ಇಪ್ಪತ್ತೊಂಬತ್ತನೇ ತಾರೀಖು ಕೊಟ್ರಬಸಮ್ಮ ಮೆಟ್ಟಿಲು ಹತ್ತಿ ಬಂದರು. ಸೆರಗಿನಿಂದ ಮುಖ ಒರೆಸಿಕೊಂಡು ನನ್ನೆದುರು ಕೂತರು.

"ಏನೋ ಸಾಕ್ಷಿ ತರಬೇಕಂತಲ್ಲ ಯಣ್ಣಾ, ನಾನು ಒಬ್ಬಾಕಿನೇ ಬಂದೀನಿ."

"ಅದೇ ಬೇಕಾಗಿದ್ದು ಯಕ್ಕಾ. ಹೇಳ್ರಿ, ನಿಮ್ಮ ಆತ್ಮಸಾಕ್ಷಿ ಕೊನೆ ಸಲ ಚುಚ್ಚಿದ ದಿನಾಂಕ ಯಾವುದು?"

"ಹಂಗೆಲ್ಲ ತಾರೀಖು ಇಡ್ತಾರೇನ್ರೀ?"

"ಕಾಲಂ ಐತಿ. ಖಾಲಿ ಬಿಟ್ರ ವಾಪಸ್ ಬರ್ತದ."

ಅವರು ಯೋಚನೆ ಮಾಡಿದರು. "ಇವತ್ತ ಅಂತ ಬರ್ಕೊಳ್ರಿ. ಕುರುಗೋಡು ಬಸ್ಸಿನಾಗ ಕಂಡಕ್ಟರ್ ನನ್ನ ಮರ್ತು ಮುಂದ ಹೋದ. ಹೆಂಗಸರಿಗೆ ಪುಕ್ಕಟೆ ಟಿಕೀಟೇ, ಖರೆ. ಆದ್ರೂ ಕರದು ಇಸ್ಕೊಂಡೆ. ಇಲ್ಲಂದ್ರ ಮನಸಿಗೆ ಒಂಥರಾ ಆಗ್ತಿತ್ರಿ."

ಪುಕ್ಕಟೆ ಟಿಕೀಟನ್ನು ಕೇಳಿ ಪಡೆದ ಈ ಪ್ರಕರಣ ನಿಧಿಯ ಇತಿಹಾಸದಲ್ಲೇ ಮೊದಲು. ಟಿಕೀಟನ್ನು ಲಗತ್ತಿಸಿ 'ಜೀವಂತ' ಎಂದು ಠಸ್ಸೆ ಹೊಡೆದೆ. ಸತ್ಯವಾಗಿ ಹೇಳುತ್ತೇನೆ, ಆ ದಿನ ನನಗೆ ಬಹಳ ಖುಷಿಯಾಯಿತು. ಇಷ್ಟು ವರ್ಷದ ನೌಕರಿಯಲ್ಲಿ ಒಂದು ಒಳ್ಳೆಯ ಕಾಗದಕ್ಕೆ ಒಳ್ಳೆಯ ಠಸ್ಸೆ ಬಿತ್ತಲ್ಲ ಅಂತ.

ಇನ್ನು ಕೊಟ್ರಬಸಮ್ಮನವರ ಪಾಲಿನ ಹಣವನ್ನು ಲೋಹಸೌಭಾಗ್ಯದಿಂದ ತೆಗೆದು ಒಳ್ಳೆಯ ಕಂಪನಿಯಲ್ಲಿ ಹಾಕಬೇಕಿತ್ತು. ಗವಿಸಿದ್ದೇಶ್ ಮೂರು ವಾರ ಒಳ್ಳೆಯ ಕಂಪನಿ ಹುಡುಕಿದರು. ಒಳ್ಳೆಯದಿದ್ದ ಕಡೆ ಲಾಭವಿಲ್ಲ, ಲಾಭವಿದ್ದ ಕಡೆ ಹೊಗೆ. ಕೊನೆಗೆ ಲೋಹಸೌಭಾಗ್ಯದ ಮಾಲೀಕರೇ ದಾರಿ ತೋರಿಸಿದರು. ಅವರದೇ ಇನ್ನೊಂದು ಹೊಸ ಕಂಪನಿ, ಲೋಹಸೌಭಾಗ್ಯ ಹಸಿರು ಸೇವೆ. ಕಾರ್ಖಾನೆ ರಸ್ತೆಯ ಮೇಲೆ ಉದುರಿಸುವ ಧೂಳನ್ನು ಈ ಕಂಪನಿ ಬಳಿದು ತೆಗೆಯುತ್ತದೆ. ಬಳಿದ ಪ್ರತಿ ಟನ್ನಿಗೆ ಕಾರ್ಖಾನೆ ಹಣ ಕೊಡುತ್ತದೆ. ಎರಡೂ ಕಂಪನಿಗಳಿಗೆ ಒಂದೇ ಮೇಜು. ಮಾಲೀಕರು ಹಸಿರು ಸೇವೆಯ ಕಾಗದಕ್ಕೆ ಸಹಿ ಹಾಕುವಾಗ ಮಾತ್ರ ಎದ್ದು ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಎರಡೂ ಕುರ್ಚಿಗೆ ದಿಂಬು ಇತ್ತು ಎಂಬುದನ್ನು ಗಮನಿಸಿದೆ.

"ಧೂಳ್ ಎಬ್ಬಿಸೋದು ಪಾಪ, ಬಳಿಯೋದು ಪುಣ್ಯ," ಎಂದರು ನಮ್ಮ ಅಧ್ಯಕ್ಷರು. "ಎರಡೂ ಬ್ಯಾರೆ ಬ್ಯಾರೆ ಫೈಲು. ಹಾಕ್ರಿ ಆಯಮ್ಮನ ರೊಕ್ಕ ಪುಣ್ಯದ ಫೈಲಿಗೆ."

ಹಾಗೆ ನಾಲ್ಕು ಸಾವಿರದ ಮುನ್ನೂರ ಹನ್ನೊಂದು ಸದಸ್ಯರ ಹಣ ಧೂಳು ಎಬ್ಬಿಸುವ ಕಡೆ ಉಳಿಯಿತು, ಕೊಟ್ರಬಸಮ್ಮನವರ ಹಣ ಬಳಿಯುವ ಕಡೆ ಹೋಯಿತು. ಹಸಿರು ಸೇವೆಗೆ ಲಾಭ ಬರಬೇಕಾದರೆ ಬಳಿಯಲು ಧೂಳು ಬೇಕು. ಪರಿಸರದ ಮೇಲಿನ ಕಾಳಜಿಯಿಂದ ಕಾರ್ಖಾನೆಯು ಎರಡನೇ ಕುಲುಮೆ ಹೊತ್ತಿಸಿತು.

ಮಾರ್ಚಿನಲ್ಲಿ ಕೊಟ್ರಬಸಮ್ಮ ಮತ್ತೆ ಬಂದರು. ಈ ಸಲ ಡಬ್ಬಿ ಸಮೇತ. ಮುಚ್ಚಳ ತೆಗೆದು ಗವಿಸಿದ್ದೇಶ್ ಅವರ ಮೇಜಿನ ಮೇಲೆ ಬೋರಲು ಹಾಕಿದರು. ಸಂಡಿಗೆಯೋ ಇದ್ದಿಲೋ ಗೊತ್ತಾಗದಂತೆ ಇತ್ತು.

"ರೊಕ್ಕ ತೆಗೀರಿ ಅಂತ ಹೇಳಿದ್ರ ಧೂಳು ಎರಡು ಪಟ್ಟು ಆತಲ್ರೀ! ಇದೇನ್ ನ್ಯಾಯ? ಹೊನ್ನೂರಮ್ಮ ಈಗ ಮಾಳಿಗಿ ಮ್ಯಾಲೆ ನಿಂತು ನಗ್ತಾಳ. ನಲವತ್ತು ವರ್ಷ ಬೆಳ್ಳನ ಸಂಡಿಗಿ ಇಟ್ಟಾಕಿ ನಾನು. ನನ್ನ ಹೆಸರು ಹೋತು."

"ಅಮ್ಮಾರ, ನಿಮ್ಮ ಹಣ ಹೋದ ವರ್ಷಕ್ಕಿಂತ ಜಾಸ್ತಿ ಗಳಿಸೈತಿ. ನೂರಕ್ಕ ಮೂರು ರೂಪಾಯಿ ಜಾಸ್ತಿ," ಎಂದರು ಗವಿಸಿದ್ದೇಶ್.

"ಹೌದಾ?" ಎಂದರು ಕೊಟ್ರಬಸಮ್ಮ. ಬೆರಳ ಮೇಲೆ ಲೆಕ್ಕ ಹಾಕಿದರು. ಆಮೇಲೆ ತಮ್ಮ ಮೇಲೆಯೇ ಸಿಟ್ಟು ಬಂದವರಂತೆ, "ಅದು ಇರ್ಲಿ ಬಿಡ್ರಿ! ಸಂಡಿಗಿ ಮಾತು ಹೇಳ್ರಿ ಮೊದಲು!" ಎಂದು ಗದರಿದರು.

ದೂರು ಬಂದ ಮೇಲೆ ಸ್ಥಳ ಪರಿಶೀಲನೆ ಆಗಲೇಬೇಕು. ಗವಿಸಿದ್ದೇಶ್, ನಾನು, ಹಸಿರು ದರ್ಜೆ ಕೊಡುವ ಸಂಸ್ಥೆಯ ಮೌಲ್ಯಮಾಪಕಿ ಶಾಂಭವಿ, ಮೂವರೂ ಜೀಪಿನಲ್ಲಿ ಕುರುಗೋಡಿಗೆ ಹೋದೆವು. ನನ್ನನ್ನು ಹಿಂದೆ, ತೂಕದ ಯಂತ್ರದ ಜೊತೆ ಕೂರಿಸಿದರು. ಮಾಳಿಗೆಯ ಮೇಲೆ ಬೆಳಿಗ್ಗೆ ಇಟ್ಟ ಹಸಿ ಸಂಡಿಗೆಗಳಿದ್ದವು. ನಾವು ನೋಡುತ್ತಿರುವಂತೆಯೇ ಗಾಳಿ ಬೀಸಿತು, ಅವು ಬೂದಾದವು, ಮತ್ತೊಮ್ಮೆ ಬೀಸಿತು, ಕಪ್ಪಾದವು. ಕೊಟ್ರಬಸಮ್ಮ ಕೈ ತೋರಿಸಿದರು ಅಷ್ಟೇ.

ಶಾಂಭವಿಯವರು ಮಂಡಿಯೂರಿ ಕೂತು, ಒಂದು ಸಂಡಿಗೆ ತೆಗೆದು ತೂಗಿದರು. ಬೆಳಿಗ್ಗೆ ಮುಚ್ಚಿಟ್ಟಿದ್ದ ಬಿಳಿ ಸಂಡಿಗೆಯೊಂದನ್ನೂ ತರಿಸಿ ತೂಗಿದರು. ವ್ಯತ್ಯಾಸ ಬರೆದುಕೊಂಡರು. ಅವರ ಮುಖ ಬೆಳಗಿತು.

"ಸಾರ್, ಇದು ಸಂಡಿಗೆ ಅಲ್ಲ. ಇದು ಗಾಳಿಯಲ್ಲಿರುವ ಧೂಳನ್ನು ಹಿಡಿಯುವ ವ್ಯವಸ್ಥೆ. ಹಸಿಯಾಗಿರೋದ್ರಿಂದ ಅಂಟ್ಕೊಳ್ಳುತ್ತೆ, ಒಣಗಿದ ಮೇಲೆ ಬಿಡೋದಿಲ್ಲ. ವಿದ್ಯುತ್ ಬೇಡ, ಯಂತ್ರ ಬೇಡ. ಇವರು ಇಷ್ಟು ವರ್ಷ ಪರಿಸರ ಸೇವೆ ಮಾಡ್ತಾ ಇದ್ದಾರೆ, ಯಾರೂ ಗುರುತಿಸಿಲ್ಲ."

"ಅಯ್ಯ ಶಿವನೇ," ಎಂದರು ಕೊಟ್ರಬಸಮ್ಮ. "ಇದು ಅಕ್ಕಿ ಸಂಡಿಗಿನೇ ಅದಾವ್ರೀ. ಜೀರಿಗಿ ಹಾಕೀನಿ."

"ಜೀರಿಗೆಯಿಂದ ಹೆಚ್ಚು ಅಂಟುತ್ತಾ ಅಂತಾನೂ ನೋಡಬೇಕು," ಎಂದು ಶಾಂಭವಿ ಬರೆದುಕೊಂಡರು.

ಮುಂದಿನದೆಲ್ಲ ಚಕಚಕ ನಡೆಯಿತು. ಕೊಟ್ರಬಸಮ್ಮನವರ ಮಾಳಿಗೆಯನ್ನು 'ಧೂಳು ನಿವಾರಣಾ ಘಟಕ, ಸಂಖ್ಯೆ ಒಂದು' ಎಂದು ನೋಂದಾಯಿಸಲಾಯಿತು. ಗೋಡೆಗೆ ಹಸಿರು ಬೋರ್ಡು ಬಿತ್ತು. ಕಪ್ಪಾದ ಪ್ರತಿ ಸಂಡಿಗೆಗೆ ಹಸಿರು ಸೇವೆಯಿಂದ ನಾಲ್ಕು ರೂಪಾಯಿ. ಬೆಳ್ಳಗಿನ ಸಂಡಿಗೆಯನ್ನು ಅವರು ಮೊದಲು ಒಂದೂವರೆ ರೂಪಾಯಿಗೆ ಮಾರುತ್ತಿದ್ದರು. ಸಂಡಿಗೆಗೆ ಅಂಟಿದ ಧೂಳನ್ನು ಒಟ್ಟು ತೂಗಿ, ಅಷ್ಟು ಧೂಳನ್ನು ಕಾರ್ಖಾನೆಯ ಲೆಕ್ಕದಿಂದ ಕಳೆದು, ಕಾರ್ಖಾನೆ ಧೂಳೇ ಬಿಡುತ್ತಿಲ್ಲ ಎಂದು ಶಾಂಭವಿಯವರ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು.

ಉಳಿದದ್ದು ಒಂದೇ ತೊಡಕು. ನಿಯಮದ ಪ್ರಕಾರ, ಹಿಡಿದ ಧೂಳು ಮತ್ತೆ ಗಾಳಿಗೆ ಹೋಗದಂತೆ ಶಾಶ್ವತವಾಗಿ ಸಂಗ್ರಹಿಸಬೇಕು. ಮೊದಲು ನನ್ನ ಕೋಣೆಯಲ್ಲಿ ಇಟ್ಟರು. ಒಂದು ತಿಂಗಳಲ್ಲಿ ನನ್ನ ಕುರ್ಚಿ ಕಾಣದಾಯಿತು, ಆಮೇಲೆ ನಾನು. ಲಿಖಿತವಾಗಿ ಪ್ರತಿಭಟಿಸಿದೆ. ಆಡಳಿತ ಮಂಡಳಿ ಸಭೆ ಸೇರಿ, ಧೂಳನ್ನು ಶಾಶ್ವತವಾಗಿ ಇಡಲು ಸದಸ್ಯರ ಹೊಟ್ಟೆಗಿಂತ ಸುರಕ್ಷಿತ ಜಾಗ ಜಿಲ್ಲೆಯಲ್ಲಿ ಇಲ್ಲವೆಂದು ತೀರ್ಮಾನಿಸಿತು. ಅಂದಿನಿಂದ ಪ್ರತಿ ತಿಂಗಳು ಪಿಂಚಣಿಯ ಜೊತೆ ಕಾಲು ಕಿಲೋ ಕಪ್ಪು ಸಂಡಿಗೆ ಉಚಿತ. ಪೊಟ್ಟಣದ ಮೇಲೆ 'ನಿಮ್ಮ ಹೊಣೆಗಾರಿಕೆ, ನಿಮ್ಮ ಊಟದೊಂದಿಗೆ' ಎಂದು ಅಚ್ಚು ಹಾಕಿಸಿದ್ದೇವೆ. ಮೊದಮೊದಲು ಸದಸ್ಯರು ಮೂಗು ಮುರಿದರು. ಪುಕ್ಕಟೆ ಎಂದು ತಿಳಿದ ಮೇಲೆ ಹಲ್ಲಿಗೆ ಕರಕರ ಅನ್ನುವುದೇ ರುಚಿ ಎಂದರು.

ಹಸಿರು ಯೋಜನೆಯಲ್ಲಿ ನೂರಕ್ಕೆ ಮೂರು ರೂಪಾಯಿ ಜಾಸ್ತಿ ಎಂಬ ಸುದ್ದಿ ಸಿರುಗುಪ್ಪದ ಗಿರಣಿಗಳಿಗೆ ಮುಟ್ಟಲು ತಡವಾಗಲಿಲ್ಲ. ಕಳೆದ ನವೆಂಬರ್ ಒಂದರ ಬೆಳಿಗ್ಗೆ ನಾನು ಬಂದಾಗ ಸಾಲು ಮೆಟ್ಟಿಲಿಳಿದು, ಬೇಕರಿ ದಾಟಿ, ರಸ್ತೆಗೆ ಹೋಗಿತ್ತು. ಎಲ್ಲರ ಕೈಯಲ್ಲೂ ನಮೂನೆ ಏಳು. ಹಚ್ಚೊಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ಬಂದಿದ್ದರು. ಎಲ್ಲರಿಗಿಂತ ಮುಂದೆ ಎರ್ರಣ್ಣ.

"ಆತ್ಮಸಾಕ್ಷಿ ಕೊನೆ ಸಲ ಚುಚ್ಚಿದ ದಿನಾಂಕ?"

"ಈಗ. ಈ ಲೈನ್‌ನಾಗ. ಹಿಂದಿನಾಂವ ನೂಕಿದಾಗ."

"ಯಾವ ವಿಷಯಕ್ಕೆ?"

"ಇಷ್ಟು ದಿನ ಯಾಕ ಈ ಫಾರಂ ತುಂಬಲಿಲ್ಲ ಅಂತ, ಸಾರ್. ಭಾಳ ಚುಚ್ಚೈತಿ. ಹೋದ ವರ್ಷದ್ದೂ ಸೇರ್ಸಿ ಕೊಡಾಕ ಬರ್ತದೇನ್ರಿ?"

ಬರುವುದಿಲ್ಲ ಎಂದೆ. ಮೂಕಮ್ಮ ಎಂಬ ಅಜ್ಜಿ ತನ್ನ ಆತ್ಮಸಾಕ್ಷಿಯ ಜೊತೆ ತೀರಿಹೋದ ಗಂಡನದನ್ನೂ ನೋಂದಾಯಿಸಿ ಎಂದು ಹಟ ಹಿಡಿದರು. ಗಂಡ ಸತ್ತರೂ ಅದು ಮನೆಯಲ್ಲೇ ಓಡಾಡಿಕೊಂಡಿದೆ ಎಂದರು. ಖುದ್ದು ಹಾಜರಾತಿ ಕಡ್ಡಾಯ ಎಂದು ತಿಳಿಸಿ ಕಳಿಸಿದೆ. ಮೂವತ್ತು ದಿನ ಠಸ್ಸೆ ಹೊಡೆದೆ. ಕೊಟ್ರಬಸಮ್ಮನವರದಕ್ಕೆ ಹೊಡೆದಾಗ ಆದ ಖುಷಿ ಯಾಕೋ ಈ ಸಲ ಆಗಲಿಲ್ಲ. ಮಣಿಕಟ್ಟು ನೋವಿನಿಂದ ಇರಬೇಕು.

ಎಲ್ಲ ಸದಸ್ಯರ ಆತ್ಮಸಾಕ್ಷಿಯೂ ಜೀವಂತವೆಂದು ಸಾಬೀತಾದ್ದರಿಂದ, ನಿಧಿಯ ಪೂರ್ತಿ ಹಣವನ್ನು ಲೋಹಸೌಭಾಗ್ಯದಿಂದ ತೆಗೆದು ಹಸಿರು ಸೇವೆಗೆ ಹಾಕಲಾಯಿತು. ಅಷ್ಟು ಹಣ ಒಮ್ಮೆಲೇ ಬಂದದ್ದರಿಂದ ಏನು ಮಾಡಬೇಕೆಂದು ತೋಚದೆ ಹಸಿರು ಸೇವೆಯು ಲೋಹಸೌಭಾಗ್ಯವನ್ನು ಕೊಂಡಿತು. ಮಾಲೀಕರು ಆ ಕುರ್ಚಿಯಿಂದ ಎದ್ದು ಈ ಕುರ್ಚಿಯಲ್ಲಿ ಕೂತು ಖರೀದಿಗೆ ಸಹಿ ಹಾಕಿದರು. ಆದ್ದರಿಂದ ಈಗ ನಮ್ಮ ನಿಧಿ ಯಾವ ಕೆಟ್ಟ ಕಂಪನಿಯಲ್ಲೂ ಹಣ ಹೂಡಿಲ್ಲ. ಕೆಟ್ಟ ಕಂಪನಿಯನ್ನು ಕೊಂಡಿರುವ ಒಳ್ಳೆಯ ಕಂಪನಿಯಲ್ಲಿ ಮಾತ್ರ ಹೂಡಿದೆ. ಗವಿಸಿದ್ದೇಶ್ ಅವರನ್ನು ಹೊಸಪೇಟೆಯ ಅದೇ ಹೋಟೆಲಿಗೆ ತರಬೇತಿ ಕೊಡಲು ಕರೆದಿದ್ದಾರೆ. ಮೂರನೇ ಕುಲುಮೆಗೆ ಪೂಜೆಯಾಗಿದೆ. ಕುರುಗೋಡಿನಲ್ಲಿ ಈಗ ಧೂಳು ನಿವಾರಣಾ ಘಟಕಗಳು ತೊಂಬತ್ತು ದಾಟಿವೆ. ಹೊನ್ನೂರಮ್ಮನದು ಸಂಖ್ಯೆ ಎರಡು. ಗಾಳಿ ಯಾರ ಮಾಳಿಗೆ ಕಡೆ ಬೀಸಬೇಕೆಂಬ ವಿಷಯಕ್ಕೆ ಅವರಿಬ್ಬರಿಗೂ ದಿನಾ ಜಗಳ.

ಈ ಏಪ್ರಿಲ್ ಹನ್ನೊಂದರಂದು ಒಂದು ಅಹಿತಕರ ಘಟನೆ ನಡೆಯಿತು. ಮೂರೂ ಕುಲುಮೆಗಳ ದುರಸ್ತಿಗಾಗಿ ಕಾರ್ಖಾನೆಯನ್ನು ಎಂಟು ದಿನ ನಿಲ್ಲಿಸಿದರು. ಐದನೇ ದಿನ ಕೊಟ್ರಬಸಮ್ಮ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಎರಡು ಡಬ್ಬಿ.

"ಯಣ್ಣಾ, ಬೆಳ್ಳಗಾಗ್ಯಾವ ನೋಡ್ರಿ! ಐದು ದಿನದಿಂದ ಒಂದು ಸಂಡಿಗಿನೂ ಕಪ್ಪಾಗವಲ್ದು. ಒಂದ್ ಕಾಳು ಧೂಳು ಬಿದ್ದಿಲ್ಲ. ಹಿಂಗಾದ್ರ ನಾವು ಬದುಕೋದು ಹೆಂಗ?"

ಮುಚ್ಚಳ ತೆಗೆದರು. ಒಳಗೆ ಅಚ್ಚ ಬಿಳಿ ಸಂಡಿಗೆ. ಒಂದು ವರ್ಷದ ಮೇಲೆ ನೋಡಿದ್ದು ನಾನು. ಅವರೂ ಒಂದನ್ನು ಎರಡು ಬೆರಳಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತಂದು ನೋಡಿದರು, ಬಹಳ ಹೊತ್ತು ನೋಡಿದರು.

"ಮೊದಲ ಹಿಂಗ ಇರ್ತಿದ್ವು ನೋಡ್ರಿ, ನನ್ನ ಸಂಡಿಗಿ," ಎಂದರು ಮೆಲ್ಲಗೆ. ಆಮೇಲೆ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. "ಹೋಗ್ಲಿ ಬಿಡ್ರಿ. ಇವನ್ನ ತಗೋತೀರೋ ಇಲ್ಲೋ, ಅದು ಹೇಳ್ರಿ."

ತೂಕದ ಯಂತ್ರಕ್ಕೆ ಹಾಕಿದೆವು. ಧೂಳಿನ ಪ್ರಮಾಣ ಸೊನ್ನೆ. 'ಗುಣಮಟ್ಟವಿಲ್ಲ' ಎಂದು ಶಾಂಭವಿಯವರು ತಿರಸ್ಕರಿಸಿದರು. ಗವಿಸಿದ್ದೇಶ್ ಅವರು ಸದಸ್ಯರ ಹಿತದೃಷ್ಟಿಯಿಂದ ತುರ್ತು ಪತ್ರ ಬರೆಸಿದರು: 'ತಮ್ಮ ಕಾರ್ಖಾನೆಯಿಂದ ಧೂಳು ಬಾರದೆ ಪರಿಸರ ಯೋಜನೆಗೆ ತೀವ್ರ ಹಾನಿಯಾಗಿದೆ. ತಮ್ಮ ಸಾಮಾಜಿಕ ಹೊಣೆಗಾರಿಕೆಯನ್ನು ಈ ಮೂಲಕ ನೆನಪಿಸಲಾಗಿದೆ.' ಕಾರ್ಖಾನೆ ಅದೇ ದಿನ ಕ್ಷಮೆ ಕೇಳಿ, ಒಂದು ಕುಲುಮೆಯನ್ನಾದರೂ ಬೇಗ ಹೊತ್ತಿಸುವುದಾಗಿ ಉತ್ತರ ಕೊಟ್ಟಿತು. ಅರ್ಜಿಗೆ ಅದೇ ದಿನ ಉತ್ತರ ಬಂದದ್ದನ್ನು ನನ್ನ ಸೇವೆಯಲ್ಲಿ ನೋಡಿರಲಿಲ್ಲ.

ಹೋಗುವಾಗ ಕೊಟ್ರಬಸಮ್ಮ ಡಬ್ಬಿಗಳನ್ನು ನನ್ನ ಮೇಜಿನ ಮೇಲೇ ಬಿಟ್ಟರು. "ಕೆಟ್ಟು ಹೋಗ್ಯಾವ ಯಣ್ಣಾ. ಎಸೀರಿ. ಇಲ್ಲಂದ್ರ ಮನಿಗೆ ಒಯ್ರಿ, ನಿಮ್ಗ ನಡೀತದ."

ಮನೆಗೆ ಒಯ್ದೆ. ನನ್ನ ಹೆಂಡತಿ ದೊಡ್ಡಬಸಮ್ಮನಿಗೆ ಕೊಟ್ಟು ಕರಿ ಎಂದೆ. ಎಣ್ಣೆಯಲ್ಲಿ ಅವು ಹಾಗೆಯೇ ಅರಳಿದವು. ಅವಳು ಒಂದನ್ನು ಚಿಮಟದಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಇದಕ್ಕ ಏನ್ ಹಾಕ್ಯಾರ್ರಿ? ಇಷ್ಟು ಬೆಳ್ಳಗ ಯಾಕೈತಿ? ಏನರ ಔಷಧ ಹೊಡದಿರಬೇಕು. ನಾ ಒಲ್ಲೆ," ಎಂದು ಮುಚ್ಚಿಟ್ಟು, ಆಫೀಸಿನ ಪೊಟ್ಟಣದಿಂದ ನಾಲ್ಕು ಕಪ್ಪು ಸಂಡಿಗೆ ಕರಿದುಕೊಂಡಳು.

ನಾನೂ ಅವನ್ನೇ ತಿಂದೆ. ಒಬ್ಬನೇ ಬಿಳಿ ತಿಂದು ಹೊಟ್ಟೆಗೆ ಏನಾದರೂ ಆದರೆ ರಜೆ ಬಾಕಿಯಿಲ್ಲ.

ಮರುದಿನ ಬೆಳಿಗ್ಗೆ ಡಬ್ಬಿಗಳನ್ನು ಕಚೇರಿಗೆ ವಾಪಸ್ ತಂದಾಗ ಕೊಟ್ರಬಸಮ್ಮನವರ ಫೋನು ಬಂತು. ಕೆಮ್ಮುತ್ತಿದ್ದರು, ಆದರೆ ದನಿಯಲ್ಲಿ ಸಂತೋಷ ತುಂಬಿ ತುಳುಕುತ್ತಿತ್ತು.

"ಬಂತ್ರಿ ಯಣ್ಣಾ, ಬಂತು! ನಸುಕಿನಾಗಿಂದ ಬೀಳಾಕ ಹತ್ತೈತಿ. ನಿಮ್ಮ ಸಾಹೇಬ್ರಿಗೆ ಪುಣ್ಯ ಬರ್ಲಿ ಅಂತ ಹೇಳ್ರಿ. ನಮ್ಮಂಥಾರ ಮಾತು ಕೇಳಾವ್ರೂ ಅದಾರ ಅಂತ ಈಗ ನಂಬಿಕಿ ಬಂತು."

ದೂರುದಾರರು ತೃಪ್ತರಾಗಿರುವುದರಿಂದ ಸದರಿ ಕಡತವನ್ನು ಮುಕ್ತಾಯಗೊಳಿಸಲಾಗಿದೆ. ಲಗತ್ತು: ಸಂಡಿಗೆ ಎರಡು ಡಬ್ಬಿ, ಬಿಳಿ, ಬಳಕೆಗೆ ಯೋಗ್ಯವಲ್ಲ.